ಪೈಪ್ ಹಾಕು ಎಂದವರು ಯಾರು?

ತಪ್ಪೊಂದು ನಡೆದಾಗ ಅದರ ಹೊಣೆ ಮಾಡಿದ ಕೈಯದೋ, ಮಾಡಿಸಿದ ಬಾಯಿಯದೋ? ಈ ಪ್ರಶ್ನೆ ಹೊಸದೇನಲ್ಲ. ನ್ಯಾಯಾಲಯಗಳಲ್ಲಿ, ಧರ್ಮಗ್ರಂಥಗಳ ವ್ಯಾಖ್ಯಾನಗಳಲ್ಲಿ, ಯುದ್ಧಗಳು ಮುಗಿದ ಮೇಲೆ ನಡೆಯುವ ವಿಚಾರಣೆಗಳಲ್ಲಿ ಅದು ಮತ್ತೆ ಮತ್ತೆ ತಲೆಯೆತ್ತುತ್ತದೆ. ನಮಗೆ ಮಾತ್ರ ಅದು ಎದುರಾದದ್ದು ಬೆಂಗಳೂರಿನ ಗುರಪ್ಪನಪಾಳ್ಯದ ಒಂದು ಪುಟ್ಟ ಗ್ಯಾರೇಜಿನಲ್ಲಿ, ಹಳೆಯ ಕಾರೊಂದರ ಬಾನೆಟ್ಟಿನ ಕೆಳಗೆ.

ಕಾರು ನಮ್ಮ ತಂದೆಯವರದು. 1985ರ ಪ್ರೀಮಿಯರ್ ಪದ್ಮಿನಿ. ಹಳಬರು ಅದನ್ನು ಪದ್ಮಿನಿ ಎನ್ನುವುದಿಲ್ಲ, ಫಿಯೆಟ್ ಎಂದೇ ಕರೆಯುತ್ತಾರೆ. ಇಟಲಿಯ ಫಿಯೆಟ್ 1100 ಕಾರನ್ನು ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ತಯಾರಿಸುತ್ತಿದ್ದರು. ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. ಈ ಕಂಪನಿಗೂ ನಮ್ಮ ನಾಡಿಗೂ ಒಂದು ಹಳೆಯ ನಂಟಿದೆ. 1930ರ ದಶಕದಲ್ಲಿ ಭಾರತದಲ್ಲೇ ಮೋಟಾರು ಕಾರ್ಖಾನೆ ಆಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು ವಿದೇಶ ಸುತ್ತಿ ಯೋಜನೆ ಸಿದ್ಧಪಡಿಸಿದ್ದರು. ಅದರ ಬೆನ್ನು ಹತ್ತಿದವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಬ್ರಿಟಿಷ್ ಸರ್ಕಾರ ಸಹಕರಿಸಲಿಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಬೆಂಗಳೂರಿನಲ್ಲಿ ಸ್ಥಾಪಿಸಿದ್ದು ವಿಮಾನ ಕಾರ್ಖಾನೆಯನ್ನು. ಅದೇ ಇಂದಿನ ಎಚ್‌ಎಎಲ್. ಕಾರಿನ ಕಂಪನಿ 1944ರಲ್ಲಿ ಹುಟ್ಟಿತು, ಕಾರ್ಖಾನೆ ಮುಂಬಯಿಯ ಪಾಲಾಯಿತು. ತಂದೆಯವರು ಈ ಕತೆಯನ್ನು ಕಾರು ಹತ್ತಿದವರಿಗೆಲ್ಲ ಹೇಳುತ್ತಿದ್ದರು. ಕೇಳಿಸಿಕೊಳ್ಳದೆ ಇಳಿಯುವಂತಿರಲಿಲ್ಲ.

2011ರಲ್ಲಿ ಅವರು ತೀರಿಕೊಂಡ ಮೇಲೆ ಕಾರು ಜಯನಗರದ ಮನೆಯ ಕಾಂಪೌಂಡಿನಲ್ಲಿ, ಸಂಪಿಗೆ ಮರದ ಕೆಳಗೆ ಟಾರ್ಪಾಲು ಹೊದ್ದು ನಿಂತಿತು. ಯಾರೂ ಓಡಿಸಲಿಲ್ಲ, ಯಾರೂ ಮಾರಲೂ ಇಲ್ಲ. ಹದಿಮೂರು ಮಳೆಗಾಲಗಳು ಕಳೆದವು. ಆಮೇಲೆ ಜಯನಗರದ ಬಹುತೇಕ ಹಳೆಯ ಮನೆಗಳಿಗೆ ಆದದ್ದೇ ನಮ್ಮ ಮನೆಗೂ ಆಯಿತು. ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲು ಬಿಲ್ಡರೊಬ್ಬರಿಗೆ ಕೊಟ್ಟೆವು. ಕಾರನ್ನು ತೆಗೆಯಲೇಬೇಕಾಯಿತು. ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ನಾವು ಮೂವರು ಒಡಹುಟ್ಟಿದವರು ಸೇರಿ, ಅದನ್ನು ಮತ್ತೆ ಓಡುವಂತೆ ಮಾಡಿಸೋಣ ಎಂದು ತೀರ್ಮಾನಿಸಿದೆವು. ಮೂವರಲ್ಲಿ ಒಬ್ಬರು ದುಬೈಯಿಂದ ಮೂರು ವಾರದ ರಜೆಯಲ್ಲಿ ಬಂದಿದ್ದರು. ಅವರು ಹೋಗುವುದರೊಳಗೆ ಒಮ್ಮೆಯಾದರೂ ತಂದೆಯವರ ಕಾರಿನಲ್ಲಿ ಲಾಲ್‌ಬಾಗಿನ ಸುತ್ತ ಹೋಗಿಬರಬೇಕು ಎಂಬುದು ಆಸೆ. ನಮ್ಮ ಅವಸರದ ಮೂಲ ಇಷ್ಟೇ. ಅವಸರಕ್ಕೆ ಸಾಮಾನ್ಯವಾಗಿ ಒಳ್ಳೆಯ ಕಾರಣವೇ ಇರುತ್ತದೆ.

ಗ್ಯಾರೇಜಿನ ಯಜಮಾನರು ಎಪ್ಪತ್ತರ ಸಮೀಪದವರು. ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಅವರ ಬಳಿ ಎಸ್ಸೆಸ್ಸೆಲ್ಸಿ ಮುಗಿಸಿ ಬಂದ, ಈಗ ಹತ್ತೊಂಬತ್ತರ ಒಬ್ಬ ಹುಡುಗ. ಮೊದಲ ದಿನ ಉಸ್ತಾದ್ ಬಾನೆಟ್ ಎತ್ತಿ ಹತ್ತು ನಿಮಿಷ ಏನನ್ನೂ ಮುಟ್ಟದೆ ನೋಡಿದರು. ಇಂಜಿನ್ನಿನ ನೆತ್ತಿಯ ಮುಚ್ಚಳ, ಗ್ಯಾರೇಜಿನ ಭಾಷೆಯಲ್ಲಿ ಟ್ಯಾಪೆಟ್ ಕವರ್, ಅದರ ನಟ್ಟುಗಳು ತುಕ್ಕು ಹಿಡಿದು ಕಂದು ಮುದ್ದೆಗಳಾಗಿದ್ದವು. ಮುಚ್ಚಳದ ಅಂಚಿನಲ್ಲಿ ಯಾರೋ ಮೆತ್ತಿದ್ದ ಅಂಟು ಒಣಗಿ ಕಲ್ಲಾಗಿತ್ತು. "ಇದನ್ನು ಕೊನೆಯ ಸಲ ಮುಚ್ಚಿದವನು ಕೆಲಸ ಮಾಡಿಲ್ಲ, ಕೋಪ ತೀರಿಸಿಕೊಂಡಿದ್ದಾನೆ" ಎಂದರು.

ಅವರು ವಿವರಿಸಿದ್ದು ಹೀಗೆ. ಮುಚ್ಚಳದ ಕೆಳಗೆ ಕಾರ್ಕಿನ ಪ್ಯಾಕಿಂಗ್ ಇರುತ್ತದೆ. ಅದು ಹಳತಾದರೆ ಎಣ್ಣೆ ಸೋರುತ್ತದೆ. ಮಾಡಬೇಕಾದ್ದು ಪ್ಯಾಕಿಂಗ್ ಬದಲಿಸುವುದು. ಅದರ ಬದಲು ನಟ್ಟನ್ನು ಇನ್ನಷ್ಟು ಬಿಗಿದರೆ ಸೋರುವುದು ನಾಲ್ಕು ದಿನ ನಿಲ್ಲುತ್ತದೆ. ಕಾರ್ಕು ಅಪ್ಪಚ್ಚಿಯಾಗಿ ಮತ್ತೆ ಸೋರುತ್ತದೆ. ಮತ್ತೆ ಬಿಗಿಯುತ್ತಾರೆ, ಮೇಲೆ ಅಂಟು ಬಳಿಯುತ್ತಾರೆ. ಗಿರಾಕಿ ಎಣ್ಣೆಯ ಕಲೆ ಕಾಣದೆ ಸಂತೋಷವಾಗಿ ಹೋಗುತ್ತಾನೆ. ನಲವತ್ತು ರೂಪಾಯಿಯ ಪ್ಯಾಕಿಂಗ್ ಉಳಿಸಿದವನು ಯಾರೋ, ಅದರ ಬೆಲೆ ತೆರುವವನು ಎಷ್ಟೋ ವರ್ಷಗಳ ನಂತರ ಬರುವ ಇನ್ಯಾರೋ. ನಾವು ಅದನ್ನು ಹಠಮಾರಿ ನಟ್ಟು ಎಂದೆವು. ಉಸ್ತಾದ್ ಒಪ್ಪಲಿಲ್ಲ. ನಟ್ಟಿಗೆ ಹಠವಿಲ್ಲ, ಅದಕ್ಕೆ ಏನು ಮಾಡಲಾಯಿತೋ ಅದನ್ನು ಅದು ಮರೆತಿಲ್ಲ, ಅಷ್ಟೇ ಎಂಬುದು ಅವರ ಮಾತಿನ ಸಾರಾಂಶ.

ತುಕ್ಕಿನ ಗುಣವನ್ನು ಬಲ್ಲವರಿಗೆ ಈ ಮಾತು ಅರ್ಥವಾಗುತ್ತದೆ. ಕಬ್ಬಿಣ ತುಕ್ಕಾದಾಗ ಸವೆದು ಹೋಗುವುದಷ್ಟೇ ಅಲ್ಲ, ಉಬ್ಬುತ್ತದೆ. ತಾನು ಹುಟ್ಟಿದ ಕಬ್ಬಿಣಕ್ಕಿಂತ ತುಕ್ಕು ಹೆಚ್ಚು ಜಾಗ ಬೇಡುತ್ತದೆ. ನಟ್ಟು ಮತ್ತು ಸ್ಟಡ್ಡಿನ ಮರೆಗಳ ನಡುವೆ ಜಾಗವೆಲ್ಲಿದೆ? ಹಾಗಾಗಿ ಅದು ಎರಡನ್ನೂ ಅದುಮಿ ಹಿಡಿಯುತ್ತದೆ. ಈ ಇಂಜಿನ್ನಿನ ಹೆಡ್ ಅಲ್ಯೂಮಿನಿಯಂನದು, ಅದರಲ್ಲಿ ಕೂರಿಸಿದ ಸ್ಟಡ್ಡು ಉಕ್ಕಿನದು. ಎರಡು ಬೇರೆ ಲೋಹಗಳು ತೇವದಲ್ಲಿ ಅಂಟಿ ಕುಳಿತರೆ ಅಲ್ಯೂಮಿನಿಯಂ ಬೇಗ ಕೊರೆದು ಹೋಗಿ ಬಿಳಿ ಪುಡಿಯಾಗುತ್ತದೆ. ಆ ಪುಡಿಯೂ ಉಬ್ಬಿ ಸ್ಟಡ್ಡನ್ನು ಕಚ್ಚುತ್ತದೆ.

ಇದಕ್ಕೆ ಉಸ್ತಾದರ ಚಿಕಿತ್ಸೆ ನಮಗೆ ಸೋಮಾರಿತನದಂತೆ ಕಂಡಿತು. ಮೊದಲ ದಿನ ತಂತಿಯ ಬ್ರಷ್ಷಿನಿಂದ ಉಜ್ಜಿ, ಸೀಮೆಎಣ್ಣೆ ಸವರಿ, ಮನೆಗೆ ಹೋಗಿ ಎಂದರು. ಎರಡನೆಯ ದಿನ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಪ್ರತಿ ನಟ್ಟಿನ ತಲೆಯ ಮೇಲೆ ಸಣ್ಣ ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟು, ಮತ್ತೆ ನಾಳೆ ಬನ್ನಿ ಎಂದರು. ಏಟು ಬಿದ್ದಾಗ ತುಕ್ಕಿನಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ, ಎಣ್ಣೆ ಅಲ್ಲಿಂದ ಒಳಗಿಳಿಯುತ್ತದೆ. ಮೂರನೆಯ ದಿನ ಬಿಸಿ ಕೊಟ್ಟರು. ಒಂದೇ ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಆದ್ದರಿಂದ ಸ್ಟಡ್ಡಿನ ಸುತ್ತಲ ರಂಧ್ರ ಕೊಂಚ ಸಡಿಲಾಗುತ್ತದೆ. ಆಮೇಲೆ ರಿಂಗ್ ಸ್ಪ್ಯಾನರ್ ಹಾಕಿ, ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ ಒಂದಿಷ್ಟು ಒತ್ತಿದರು. ನಮಗೆ ಆಶ್ಚರ್ಯ. ತುಕ್ಕಿನ ಹಿಡಿತ ಯಾವ ಕಡೆಗಾದರೂ ಒಡೆದರೆ ಸಾಕಂತೆ. ಕಾಲು ಸುತ್ತು ಬಿಚ್ಚಿ, ಅರ್ಧ ಬಿಗಿದು, ಎಣ್ಣೆ ಹನಿಸಿ, ಮತ್ತೆ ಬಿಚ್ಚಿ, ಹೀಗೆ ಒಂದೊಂದೇ ನಟ್ಟು ಈಚೆ ಬಂತು. ಕೊನೆಯದು ಮಾತ್ರ ಜಗ್ಗಲಿಲ್ಲ. "ಇದು ನಾಳೆಗಿರಲಿ" ಎಂದು ಹೇಳಿ ಉಸ್ತಾದ್ ಪ್ಯಾಕಿಂಗ್ ತರಲು ಜೆ.ಸಿ. ರಸ್ತೆಗೆ ಹೋದರು.

ಆಗ ನಡೆದದ್ದು ಐದು ನಿಮಿಷದ ಕತೆ. ಉಸ್ತಾದ್ ಬರುವುದರೊಳಗೆ ಮುಗಿಸಿಬಿಡೋಣ ಎಂದು ನಮಗನಿಸಿತು. ಹುಡುಗ ಸ್ಪ್ಯಾನರ್ ಹಾಕಿ ಎಳೆದ, ಬರಲಿಲ್ಲ. ಗೋಡೆಗೆ ಒರಗಿಸಿದ್ದ ಮೂರಡಿ ಕಬ್ಬಿಣದ ಪೈಪನ್ನು ಕಂಡು, "ಪೈಪ್ ಹಾಕಪ್ಪ" ಎಂದೆವು. ಮೂವರಲ್ಲಿ ಯಾರ ಬಾಯಿಂದ ಆ ಮಾತು ಬಂತೆಂದು ಇಲ್ಲಿ ಬರೆಯುವುದಿಲ್ಲ. ಉಳಿದಿಬ್ಬರೂ ತಡೆಯಲಿಲ್ಲವಾದ್ದರಿಂದ ಅದು ನಮ್ಮೆಲ್ಲರ ಮಾತೇ. ಹುಡುಗ ಒಮ್ಮೆ ನಮ್ಮ ಮುಖ ನೋಡಿದ. "ಉಸ್ತಾದ್ ಬರಲಿ ಸಾರ್" ಎಂದ. "ಅವರಿಗೆ ನಾವು ಹೇಳ್ತೀವಿ" ಎಂದೆವು. ಈ ಮೂರು ಪದಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಒಂದು ಅಡಿಯ ಸ್ಪ್ಯಾನರಿನ ತುದಿಗೆ ಪೈಪ್ ತೊಡಿಸಿ ಹಿಡಿ ಮೂರಡಿಯಾದರೆ ಅದೇ ಕೈಯ ಬಲ ಮೂರು ಪಟ್ಟಾಗುತ್ತದೆ. ನಿಲ್ಲಲು ಜಾಗ ಮತ್ತು ಸಾಕಷ್ಟು ಉದ್ದದ ಸನ್ನೆಕೋಲು ಕೊಟ್ಟರೆ ಭೂಮಿಯನ್ನೇ ಎತ್ತುತ್ತೇನೆಂದು ಆರ್ಕಿಮಿಡೀಸ್ ಹೇಳಿದನಂತೆ. ಎತ್ತುವಾಗ ಭೂಮಿ ಮುರಿದರೆ ಏನು ಮಾಡುವುದೆಂದು ಅವನನ್ನು ಯಾರೂ ಕೇಳಿದಂತಿಲ್ಲ. ಎಂಟು ಮಿಲಿಮೀಟರ್ ದಪ್ಪದ ಸಾಮಾನ್ಯ ಬೋಲ್ಟನ್ನು ಬಿಗಿಯುವ ಅಳತೆ ಸುಮಾರು 25 ನ್ಯೂಟನ್ ಮೀಟರ್. ಮೂರಡಿ ಹಿಡಿಯ ತುದಿಯಲ್ಲಿ ಹತ್ತು ಕಿಲೋದಷ್ಟು ಭಾರ ಹಾಕಿದರೂ ಅದು 90ರ ಹತ್ತಿರ ಹೋಗುತ್ತದೆ. ಪಟ್ ಎಂದು ಸದ್ದಾಯಿತು. ದೊಡ್ಡ ಸದ್ದಲ್ಲ. ನಟ್ಟು ತನ್ನೊಳಗೆ ಸ್ಟಡ್ಡಿನ ತುಂಡನ್ನು ಹಿಡಿದುಕೊಂಡೇ ಈಚೆ ಬಂತು.

ಸಂಜೆ ಉಸ್ತಾದ್ ಬಂದರು. ಹುಡುಗ ತಾನೇ ಮುಂದೆ ಹೋಗಿ, "ಸ್ಟಡ್ ಮುರೀತು ಉಸ್ತಾದ್" ಎಂದ. ಅವನು ನಮ್ಮ ಹೆಸರೆತ್ತಲಿಲ್ಲ. ಉಸ್ತಾದ್ ಇಂಜಿನ್ನನ್ನು ನೋಡಿದರು, ನೆಲದ ಮೇಲಿದ್ದ ಪೈಪನ್ನು ನೋಡಿದರು, ಹುಡುಗನನ್ನು ದಖ್ಖನಿಯಲ್ಲಿ ಚೆನ್ನಾಗಿ ಬೈದರು. ನಾವು ಹೇಳಬೇಕಾದ ಹೊತ್ತು ಅದೇ. ಹೇಳಿದ್ದೇನು ಗೊತ್ತೇ? "ಹೋಗಲಿ ಬಿಡಿ ಉಸ್ತಾದ್, ಹುಡುಗ ತಾನೆ, ಆಗುತ್ತೆ."

ಅಂದರೆ ನಾವು ಅವನನ್ನು ಕ್ಷಮಿಸಿದೆವು!

ಆಮೇಲೆ ಅನೇಕ ದಿನ ನಮ್ಮನ್ನು ಕಾಡಿದ್ದು ಮುರಿದ ಸ್ಟಡ್ಡಲ್ಲ, ಈ ವಾಕ್ಯ. ಸುಳ್ಳು ಹೇಳುವುದು ತಪ್ಪು ಎಂದು ಎಲ್ಲರೂ ಬಲ್ಲರು. ಆದರೆ ಇದರಲ್ಲಿ ಸುಳ್ಳಿನ ಒಂದು ಪದವೂ ಇಲ್ಲ. ಅವನು ಹುಡುಗನೇ. ಹಾಗೆ ಆಗುವುದೂ ಹೌದು. ಮಾತೆಲ್ಲ ನಿಜವಾಗಿದ್ದು ಒಟ್ಟು ಅರ್ಥ ಸುಳ್ಳಾಗಿತ್ತು, ಅದರ ಮೇಲೆ ಔದಾರ್ಯದ ಬಣ್ಣವಿತ್ತು. ಸಾಮಾನ್ಯ ಸುಳ್ಳುಗಾರ ತನ್ನ ತಪ್ಪನ್ನು ಮುಚ್ಚಿಕೊಳ್ಳುತ್ತಾನೆ. ನಾವು ನಮ್ಮ ತಪ್ಪನ್ನು ಇನ್ನೊಬ್ಬನಿಗೆ ಹೊರಿಸಿ, ಅದನ್ನು ಮನ್ನಿಸಿದ ದೊಡ್ಡಸ್ತಿಕೆಯನ್ನೂ ಜೇಬಿಗೆ ಹಾಕಿಕೊಂಡೆವು. ಮನೆಗೆಲಸದವಳ ಕೈಯಿಂದ ಪಿಂಗಾಣಿ ಬಿದ್ದಾಗ, ಡ್ರೈವರ್ ಸಿಗ್ನಲ್ ಹಾರಿದಾಗ, ಗುಮಾಸ್ತ ತಪ್ಪು ಕಾಗದ ಕಳಿಸಿದಾಗ ನಾವೆಲ್ಲ ಹೇಳುವ "ಪರವಾಗಿಲ್ಲ ಬಿಡು" ಎಂಬುದರಲ್ಲಿ ಎಷ್ಟು ಪಾಲು ಕ್ಷಮೆ, ಎಷ್ಟು ಪಾಲು ನಮ್ಮದೇ "ಬೇಗ, ಬೇಗ" ಎಂಬ ಕೂಗಿನ ಮರೆವು? ಲೆಕ್ಕ ಹಾಕಿದವರಿಲ್ಲ.

ಒಂಬತ್ತು ದಿನದ ನಂತರ ಬಿಲ್ ಕೈಗೆ ಬಂತು. ಅದರಲ್ಲಿ ಮುರಿದ ಸ್ಟಡ್ ತೆಗೆಸಿದ ಖರ್ಚು ಇರಲಿಲ್ಲ. ಕೇಳಿದೆವು. "ಅದು ನಿಮ್ಮ ಲೆಕ್ಕ ಅಲ್ಲ ಸಾಹೇಬ್ರೇ, ಹುಡುಗನ ಶನಿವಾರದ ಬಟವಾಡೆಯಲ್ಲಿ ಹಿಡಿದಿದ್ದೇನೆ" ಎಂದರು ಉಸ್ತಾದ್. ಮೌನಕ್ಕೆ ಬೆಲೆ ಕಟ್ಟಿ ಕೈಗಿಟ್ಟಂತಾಯಿತು. ಐನೂರು ರೂಪಾಯಿ. ಅಲ್ಲಿಯೇ ನಿಂತು ಹೇಳಿದೆವು, ಪೈಪ್ ಹಾಕಿಸಿದ್ದು ನಾವು ಎಂದು. ಅವರು ಚಕಿತರಾಗಲಿಲ್ಲ. "ಗೊತ್ತಿತ್ತು" ಎಂದರು. "ನಾಲ್ಕು ವರ್ಷದಲ್ಲಿ ಅವನು ಒಂದು ದಿನವೂ ನನ್ನನ್ನು ಕೇಳದೆ ಪೈಪ್ ಮುಟ್ಟಿಲ್ಲ."

ಗೊತ್ತಿದ್ದೂ ಅವನಿಗೇಕೆ ಬೈದಿರಿ, ಅವನ ಹಣವನ್ನೇಕೆ ಹಿಡಿದಿರಿ ಎಂದು ಕೇಳಿದೆವು. ನಮ್ಮ ದನಿಯಲ್ಲಿ ಒಂದಿಷ್ಟು ನ್ಯಾಯವಂತರ ಸಿಟ್ಟೂ ಇತ್ತು, ಒಪ್ಪಿಕೊಳ್ಳುತ್ತೇವೆ. ಅವರ ಉತ್ತರ ಸ್ಪಷ್ಟವಾಗಿತ್ತು. ಗಿರಾಕಿಗೆ ಇಂಜಿನ್ ಗೊತ್ತಿಲ್ಲ, ಅವನು ಏನು ಬೇಕಾದರೂ ಹೇಳಬಹುದು. ಸ್ಪ್ಯಾನರ್ ಹಿಡಿದವನಿಗೆ ಗೊತ್ತು. ಗೊತ್ತಿದ್ದವನು ಬೇಡ ಎನ್ನಬೇಕು. ಇವತ್ತು ಸ್ಟಡ್ ಮುರಿಯಿತು, ನಾಳೆ ಯಾರೋ ಅವಸರದವರು ಬ್ರೇಕಿನ ಕೆಲಸ ಬಿಟ್ಟು ಗಾಡಿ ಕೊಡು ಎಂದರೆ ಕೊಟ್ಟುಬಿಡುತ್ತಾನೆಯೇ? ಗಾಡಿ ನಮ್ಮ ಬಳಿ ಅಮಾನತ್ತು, ಮಾಲೀಕನ ಕೈಯಿಂದಲೂ ಅದನ್ನು ಕಾಯಬೇಕು.

ಮಾಲೀಕನ ಕೈಯಿಂದಲೂ ಕಾಯಬೇಕು ಎಂಬುದು ಸಣ್ಣ ಮಾತಲ್ಲ. ಒಡೆತನವೆಂದರೆ ಏನು ಬೇಕಾದರೂ ಮಾಡುವ ಹಕ್ಕು ಎಂದು ನಂಬಿದ ಕಾಲದಲ್ಲಿ ನಾವಿದ್ದೇವೆ. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಖಲ್ದೂನ್ ತನ್ನ ‘ಮುಖದ್ದಿಮಾ’ದಲ್ಲಿ ಕಸುಬುಗಳ ಬಗ್ಗೆ ದೀರ್ಘವಾಗಿ ಬರೆದಿದ್ದಾನೆ. ಕಸುಬು ಎಂಬುದು ಓದಿ ಬರುವ ತಿಳಿವಳಿಕೆಯಲ್ಲ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿ ಒಳಗೆ ನೆಲೆಯೂರುವ ಗುಣ ಎಂಬುದು ಅವನ ನಿಲುವು. ಹಾಗಿದ್ದರೆ ಬೇಡ ಎನ್ನುವುದೂ ಆ ಗುಣದ ಒಂದು ಭಾಗವಾಗಿರಬೇಕು. ಎಲ್ಲಿ ನಿಲ್ಲಿಸಬೇಕೆಂದು ತಿಳಿಯದ ಕೈಗೆ ಕಸುಬು ಪೂರ್ತಿ ದಕ್ಕಿಲ್ಲ ಎಂದು ಉಸ್ತಾದ್ ಹೇಳುತ್ತಿದ್ದುದು ಅದನ್ನೇ.

ಲೋಕದ ಕಾನೂನೂ ಅವರ ಕಡೆಗೇ ಇದೆ. ಎರಡನೆಯ ಮಹಾಯುದ್ಧದ ನಂತರ 1945-46ರಲ್ಲಿ ನ್ಯೂರೆಂಬರ್ಗಿನಲ್ಲಿ ವಿಚಾರಣೆ ನಡೆದಾಗ, ಮೇಲಿನವರ ಆಜ್ಞೆಯಿತ್ತು ಎಂಬುದು ಅಪರಾಧದಿಂದ ಬಿಡುಗಡೆ ಕೊಡದು, ಹೆಚ್ಚೆಂದರೆ ಶಿಕ್ಷೆ ಇಳಿಸಲು ಪರಿಗಣಿಸಬಹುದು ಎಂಬ ನಿಯಮವಿತ್ತು. ಒಂದು ಸ್ಟಡ್ಡಿಗೆ ನ್ಯೂರೆಂಬರ್ಗನ್ನು ಎಳೆದು ತರುವುದು ಅತಿಯಾಯಿತು ಎನ್ನಬಹುದು. ಸರಿಯೇ. ಆದರೆ ಮಾಡಿಸಿದವನನ್ನೂ ಕಾನೂನು ಬಿಟ್ಟಿಲ್ಲ. ನಮ್ಮ ದಂಡಸಂಹಿತೆಯಲ್ಲಿ ದುಷ್ಪ್ರೇರಣೆ ಎಂಬುದಿದೆ, ಪ್ರೇರೇಪಿಸಿದವನಿಗೆ ಸಾಮಾನ್ಯವಾಗಿ ಮಾಡಿದವನಷ್ಟೇ ಶಿಕ್ಷೆ. ಇಬ್ಬರೂ ಹೊಣೆ ಎಂಬುದು ಪುಸ್ತಕದ ನ್ಯಾಯ. ಜೀವನದಲ್ಲಿ ಮಾತ್ರ ಇಬ್ಬರ ಪಾಲೂ ಒಬ್ಬನ ಬಟವಾಡೆಯಿಂದಲೇ ಕಡಿತವಾಗುತ್ತದೆ.

ಇಲ್ಲಿ ನಾವು ಉಸ್ತಾದರೊಂದಿಗೆ ಪೂರ್ತಿ ಒಪ್ಪಲಾರೆವು. ಬೇಡ ಎನ್ನುವುದು ಧೈರ್ಯದ ಪ್ರಶ್ನೆ ಎಂದು ಅವರು ತಿಳಿದಿದ್ದಾರೆ. ಅದು ಅಷ್ಟೇ ಅಲ್ಲ. ಎಪ್ಪತ್ತು ವರ್ಷದ, ಸ್ವಂತ ಗ್ಯಾರೇಜಿನ ಯಜಮಾನ ಬೇಡ ಎಂದರೆ ಗಿರಾಕಿ ತಲೆಬಾಗುತ್ತಾನೆ. ವಾರದ ಕೂಲಿಯ ಹುಡುಗ ಬೇಡ ಎಂದರೆ ಅದೇ ಗಿರಾಕಿ ಅಹಂಕಾರ ಎನ್ನುತ್ತಾನೆ. ಒಂದೇ ಪದ, ಹೇಳುವವನ ವಯಸ್ಸು, ಬಟ್ಟೆ, ಭಾಷೆ ನೋಡಿ ಬೆಲೆ ಬದಲಾಗುತ್ತದೆ. ಅವನು ಬೇಡ ಎನ್ನಲಿಲ್ಲ ಎಂದು ಹೇಳುವುದೂ ಸರಿಯಲ್ಲ. "ಉಸ್ತಾದ್ ಬರಲಿ ಸಾರ್" ಎಂದನಲ್ಲ, ಅವನ ಅಂತಸ್ತಿನಲ್ಲಿ ಬೇಡ ಎನ್ನುವುದಕ್ಕೆ ಇರುವ ಮಾತು ಅದೇ. ನಮಗದು ಕೇಳಿಸಿತ್ತು, ಅರ್ಥವೂ ಆಗಿತ್ತು. ಅರ್ಥವಾಗದವರಂತೆ ಇರುವ ಸೌಲಭ್ಯ ನಮಗಿತ್ತು. ನಾವು ಕೊಟ್ಟ ಆ ಮೂರು ಪದಗಳ ಮಾತನ್ನಂತೂ ಅವನೇ ಉಳಿಸಿಕೊಟ್ಟ, ಮೌನದಿಂದ.

ಇದನ್ನು ಉಸ್ತಾದರಿಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಹೇಳುವುದೂ ಇರಬಹುದು" ಎಂದರು. ಐನೂರು ರೂಪಾಯಿ ನಮ್ಮ ಬಿಲ್ಲಿಗೆ ಬಂತು. ಹುಡುಗನ ಬಳಿ ತಪ್ಪಾಯಿತು ಎಂದೆವು. ಅವನಿಗೆ ಅದು ಬೈಸಿಕೊಂಡದ್ದಕ್ಕಿಂತ ಹೆಚ್ಚು ಕಷ್ಟವಾದಂತೆ ತೋರಿತು. ತಲೆ ತಗ್ಗಿಸಿ, "ಅಯ್ಯೋ ಪರವಾಗಿಲ್ಲ ಬಿಡಿ ಸಾರ್" ಎಂದ. ಅದೇ ವಾಕ್ಯ! ಅವನ ಬಾಯಲ್ಲಿ ಅದಕ್ಕೆ ನಿಜವಾದ ಅರ್ಥವಿತ್ತು.

ಮುರಿದ ಸ್ಟಡ್ಡಿನ ಕತೆಯನ್ನೂ ಹೇಳಿಬಿಡಬೇಕು. ಅದನ್ನು ತೆಗೆಯುವುದಕ್ಕೆ ಮಧ್ಯದಲ್ಲಿ ಡ್ರಿಲ್ ಮಾಡಿ, ಉಲ್ಟಾ ಮರೆಯ ಉಪಕರಣವೊಂದನ್ನು ತೂರಿಸಿ ತಿರುಗಿಸುವ ದಾರಿಯಿದೆ. ಅದೂ ಒಳಗೆ ಮುರಿದರೆ ಮುಗಿಯಿತು, ಆ ಉಕ್ಕು ಎಷ್ಟು ಗಟ್ಟಿಯೆಂದರೆ ಡ್ರಿಲ್ಲಿನ ಬಾಯಿ ಅದರ ಮೇಲೆ ಜಾರುತ್ತದೆ. ಉಸ್ತಾದ್ ಆ ದಾರಿ ಹಿಡಿಯಲಿಲ್ಲ. ಎರಡು ಮೂರು ಮರೆಗಳಷ್ಟು ತುಂಡು ಮೇಲೆ ಉಳಿದಿತ್ತು. ಅದರ ಮೇಲೆ ಹೊಸ ನಟ್ಟೊಂದನ್ನು ಇಟ್ಟು, ನಟ್ಟಿನ ಕಣ್ಣೊಳಗೆ ವೆಲ್ಡಿಂಗ್ ಮಾಡಿಸಿದರು. ಉಕ್ಕಿನ ವೆಲ್ಡಿಂಗ್ ಅಲ್ಯೂಮಿನಿಯಂಗೆ ಹಿಡಿಯುವುದಿಲ್ಲ, ಉಕ್ಕಿಗೆ ಮಾತ್ರ ಹಿಡಿಯುತ್ತದೆ. ಬೆಸುಗೆಯ ಶಾಖವೇ ತುಕ್ಕನ್ನು ಸಡಿಲಿಸುತ್ತದೆ. ಎರಡು ಸಲ ಬೆಸುಗೆ ಕಿತ್ತು ಬಂತು. ಮೂರನೆಯ ಸಲ ಸ್ಪ್ಯಾನರ್ ಹಾಕಿ, ಬಿಗಿದು, ಬಿಚ್ಚಿ, ಎಣ್ಣೆ ಹನಿಸಿ, ಅರ್ಧ ಗಂಟೆಯ ನಂತರ ಅದು ಈಚೆ ಬಂತು. ತಿರುಗಿಸಿದ್ದು ಹುಡುಗನೇ. ಉಸ್ತಾದ್ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು.

ಲಾಲ್‌ಬಾಗಿನ ಸುತ್ತಾಟ ಆಗಲಿಲ್ಲ. ದುಬೈಯವರ ರಜೆ ಮುಗಿದಿತ್ತು. ವಿಂಟೇಜ್ ವಾಹನಗಳಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ಮಾಡಿದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿಯೇ ಉಳಿದ ವಾಹನಗಳಿಗೆ ಪ್ರತ್ಯೇಕ ನೋಂದಣಿ ಸಿಗುತ್ತದೆ. ನಮ್ಮದಕ್ಕೆ 2035ರವರೆಗೆ ಕಾಯಬೇಕು. ಮುಂಬಯಿಯ ರಸ್ತೆಯಿಂದ ಕೊನೆಯ ಪದ್ಮಿನಿ ಟ್ಯಾಕ್ಸಿ ನಿವೃತ್ತಿಯಾದದ್ದು 2023ರ ಅಕ್ಟೋಬರಿನಲ್ಲಿ. ಅಷ್ಟು ದುಡಿದ ಗಾಡಿಗಳ ಮುಂದೆ ಹದಿಮೂರು ವರ್ಷ ಮರದ ಕೆಳಗೆ ನಿಂತ ನಮ್ಮದು ಯಾವ ಲೆಕ್ಕ ಎಂದು ಕೆಲವೊಮ್ಮೆ ಅನಿಸುತ್ತದೆ.

ಮುಚ್ಚಳ ಹಾಕುವ ದಿನ ನಾವಿಬ್ಬರು ಹೋಗಿದ್ದೆವು. ಹೊಸ ಕಾರ್ಕಿನ ಪ್ಯಾಕಿಂಗ್ ಕೂರಿಸಿ, ಪ್ರತಿ ಸ್ಟಡ್ಡಿನ ಮರೆಗೂ ಹುಡುಗ ಬೆರಳಿನಿಂದ ಗ್ರೀಸ್ ಸವರಿದ. ಇದು ಯಾಕೆ ಎಂದಾಗ, "ಮುಂದೆ ಬಿಚ್ಚೋರಿಗೆ" ಎಂದ. ಮುಂದೆ ಬಿಚ್ಚುವವರು ಯಾವಾಗ ಬರುತ್ತಾರೋ, ಯಾರೋ. ನಟ್ಟುಗಳನ್ನು ಕೈಯಲ್ಲೇ ತಿರುಗಿಸಿ ಕೂರಿಸಿ, ಸ್ಪ್ಯಾನರಿನಿಂದ ಒಂದೊಂದಕ್ಕೂ ಸ್ವಲ್ಪವೇ ಒತ್ತು ಕೊಟ್ಟ. ನಮಗದು ಸಡಿಲವೆನಿಸಿತು. ಹಳೆಯ ಎಣ್ಣೆ ಸೋರಿಕೆ ನೆನಪಾಗಿ, "ಇನ್ನೊಂದು ಅರ್ಧ ಸುತ್ತು ಬಿಗಿಯಪ್ಪ" ಎಂದೆವು.

"ಬೇಡ ಸಾರ್, ಸಾಕು" ಎಂದು ಹುಡುಗ ಸ್ಪ್ಯಾನರನ್ನು ತಟ್ಟೆಗೆ ಹಾಕಿದ. ಉಸ್ತಾದ್ ಆಚೆ ಕಡೆ ಇನ್ನೊಂದು ಗಾಡಿಯ ಕೆಳಗಿದ್ದರು, ತಲೆ ಹೊರಗೆ ಹಾಕಲಿಲ್ಲ.